ಮಾರಿಯೊ ಗೆರೆಗಳ ಜಾಡಿನಲ್ಲಿ: ಲೊಟ್ಲಿಯಿಂದ ತೊರ್ಡಾದವರೆಗೆ

ಮೊದಲ ದಿನ: ಹುಬ್ಬಳ್ಳಿಯಿಂದ ಮಡಗಾಂವಿಗೆ

ಗೋವೆಯ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಚಹಾ ಕಪ್ಪುಗಳ ಮೇಲೆ ನೋಡಿದವರು ಬಹಳ ಮಂದಿ. ಆ ಚಿತ್ರಗಳೊಳಗಿನ ಊರನ್ನು ನಡೆದು ನೋಡಬೇಕು, ಅವರು ಯಾರನ್ನು ಕಂಡು ನಕ್ಕರು, ಆ ನಗುವಿನಲ್ಲಿ ಊರಿನ ಬಗ್ಗೆ ಏನು ಹೇಳಿದರು ಎಂಬುದನ್ನು ಅದೇ ನೆಲದ ಮೇಲೆ ನಿಂತು ಯೋಚಿಸಬೇಕು ಎಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಹೈಸ್ಕೂಲಿನಲ್ಲಿ ನನಗೆ ಚಿತ್ರಕಲೆ ಕಲಿಸಿದ, ಈಗ ನಿವೃತ್ತರಾಗಿ ಧಾರವಾಡದಲ್ಲಿರುವ ಮಾಸ್ತರರು ಜೊತೆಗೆ ಬರಲು ಒಪ್ಪಿದ್ದರಿಂದ ಮಳೆಗಾಲ ಮುಗಿದ ಮೇಲೆ, ನವೆಂಬರಿನ ಒಂದು ಬೆಳಿಗ್ಗೆ, ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು.

ಲೋಂಡಾ ದಾಟಿ ಕ್ಯಾಸಲ್‌ರಾಕ್ ಬರುವವರೆಗೂ ಮಾಸ್ತರರು ಕಿಟಕಿಯತ್ತ ನೋಡಲೇ ಇಲ್ಲ. ಅವರ ತೊಡೆಯ ಮೇಲೆ ಹಳೆಯ ‘ಇಲಸ್ಟ್ರೇಟೆಡ್ ವೀಕ್ಲಿ’ಯಿಂದ ಕತ್ತರಿಸಿ ಅಂಟಿಸಿಟ್ಟ ಚಿತ್ರಗಳ ಒಂದು ರಟ್ಟಿನ ಕಡತವಿತ್ತು. ಬಾಸ್‌ನ ಮುಂದೆ ಕುಳಿತ ಸೆಕ್ರೆಟರಿ ಮಿಸ್ ಫೋನ್ಸೆಕಾ, ಸಿನಿಮಾ ತಾರೆ ಮಿಸ್ ನಿಂಬೂಪಾನಿ, ಮಂತ್ರಿ ಬಂಡಲ್‌ದಾಸ್, ಗುಮಾಸ್ತ ಗೋಡ್ಬೋಲೆ ಎಲ್ಲರೂ ಅದರಲ್ಲಿದ್ದರು. ಇವರೆಲ್ಲ ಮುಂಬೈಯ ಕಚೇರಿ ಮತ್ತು ಬೀದಿಗಳಲ್ಲಿ ಹುಟ್ಟಿದ ಪಾತ್ರಗಳು. ಆದರೆ ಈ ಪಾತ್ರಗಳನ್ನು ಕಂಡ ಕಣ್ಣು ಗೋವೆಯ ಒಂದು ಹಳ್ಳಿಯಲ್ಲಿ ಪಳಗಿತ್ತು ಎಂಬುದು ಮಾಸ್ತರರ ವಾದ.

ಮಾರಿಯೊ ಹುಟ್ಟಿದ್ದು 1926ರ ಮೇ 2ರಂದು, ಆಗ ಪೋರ್ಚುಗೀಸರ ಕೈಯಲ್ಲಿದ್ದ ದಮನ್‌ನಲ್ಲಿ. ಮನೆತನದ ಊರು ದಕ್ಷಿಣ ಗೋವೆಯ ಸಾಷ್ಟಿ ತಾಲ್ಲೂಕಿನ ಲೌಟೊಲಿಂ. ಅಲ್ಲಿಯವರ ಬಾಯಲ್ಲಿ ಅದು ಲೊಟ್ಲಿ. ಹುಡುಗ ಮನೆಯ ಗೋಡೆಗಳ ಮೇಲೆಲ್ಲ ಗೀಚುವುದನ್ನು ಕಂಡ ತಾಯಿ ಅವನ ಕೈಗೆ ಒಂದು ಖಾಲಿ ಪುಸ್ತಕ ಕೊಟ್ಟರಂತೆ. ಮುಂದೆ ಅವರು ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ, ಪದವಿ ಪಡೆದದ್ದು ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ, ಅದೂ ಇತಿಹಾಸದಲ್ಲಿ. ಚಿತ್ರಕಲೆಯನ್ನು ಶಾಸ್ತ್ರೀಯವಾಗಿ ಕಲಿಯಲಿಲ್ಲ. ಮನೆಯವರ ಮಾತಿಗೆ ವಾಸ್ತುಶಿಲ್ಪದ ಓದಿಗೆ ಕೈಹಾಕಿ ಅದನ್ನೂ ಬಿಟ್ಟರು. ಜಾಹೀರಾತು ಸ್ಟುಡಿಯೋದಲ್ಲಿ ದುಡಿದು, ‘ಕರೆಂಟ್’ ವಾರಪತ್ರಿಕೆಗೂ ಆಮೇಲೆ ಟೈಮ್ಸ್ ಬಳಗದ ಪತ್ರಿಕೆಗಳಿಗೂ ಚಿತ್ರ ಬರೆದರು. ಗುಲ್ಬೆಂಕಿಯನ್ ವಿದ್ಯಾರ್ಥಿವೇತನದ ಮೇಲೆ ಲಿಸ್ಬನ್ನಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ತೆರಳಿ ಕೆಲವು ವರ್ಷ ಅಲ್ಲಿಯೇ ಇದ್ದು, ಮತ್ತೆ ಮುಂಬೈಗೆ ಮರಳಿದರು. ಕೊನೆಯ ವರ್ಷಗಳನ್ನು ಲೊಟ್ಲಿಯ ಮನೆಯಲ್ಲಿಯೇ ಕಳೆದು 2011ರ ಡಿಸೆಂಬರ್ 11ರಂದು ಅಲ್ಲಿಯೇ ತೀರಿಕೊಂಡರು. ಪದ್ಮಶ್ರೀ 1988ರಲ್ಲಿ, ಪದ್ಮಭೂಷಣ 2002ರಲ್ಲಿ ಬಂದವು. ಪದ್ಮವಿಭೂಷಣ ಮಾತ್ರ 2012ರಲ್ಲಿ, ಮರಣೋತ್ತರವಾಗಿ.

ದೂಧಸಾಗರದ ಎದುರು ರೈಲು ನಿಧಾನವಾದಾಗ ಡಬ್ಬಿಯಲ್ಲಿದ್ದವರೆಲ್ಲ ಒಂದೇ ಬದಿಗೆ ನುಗ್ಗಿದರು. ಮೊಬೈಲ್ ಹಿಡಿದ ಕೈಗಳು, ಅಪ್ಪನ ಹೆಗಲೇರಿದ ಕೂಸು, ನೂಕುನುಗ್ಗಲಿನ ನಡುವೆ ಬುತ್ತಿ ಚೆಲ್ಲದಂತೆ ಎತ್ತಿ ಹಿಡಿದ ಹೆಂಗಸು, ಯಾವುದರ ಗೊಡವೆಯೂ ಇಲ್ಲದೆ ಮೇಲಿನ ಬರ್ತಿನಲ್ಲಿ ನಿದ್ದೆ ಹೋದ ಸೈನಿಕ. ಮಾಸ್ತರರು ಜಲಪಾತಕ್ಕೆ ಬೆನ್ನು ಮಾಡಿ ಇವರನ್ನೇ ನೋಡುತ್ತಿದ್ದರು.

“ತಮ್ಮಾ, ಇದನ್ನ ಮಾರಿಯೊ ಬರದಿದ್ರ ಜಲಪಾತ ಎಲ್ಲಿ ಇರ್ತಿತ್ತು ಹೇಳು.”

“ಮೂಲ್ಯಾಗ ಒಂದೆರಡು ಗೆರಿ ಇರ್ತಿತ್ತೇನೋ, ಸರ್.”

“ಅದಽ. ಅಂವಗ ನೋಡೋ ಮಂದಿ ಬೇಕು, ನೋಡೋ ವಸ್ತು ಅಲ್ಲ.”

ಮಡಗಾಂವ ತಲುಪಿದ್ದು ಮಧ್ಯಾಹ್ನದ ನಂತರ. ಲಾಡ್ಜಿನಲ್ಲಿ ಸಾಮಾನು ಇಳಿಸಿ, ಸಂಜೆ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದೆವು. ಮಾರಿಯೊ ಅವರ ಅಂತ್ಯಸಂಸ್ಕಾರ ಈ ಪಟ್ಟಣದಲ್ಲಿಯೇ ಆಯಿತು. ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದ ಅವರು ತಮ್ಮ ದೇಹವನ್ನು ಹೂಳದೆ ದಹಿಸಬೇಕೆಂದು ಬಯಸಿದ್ದರು. ನಮ್ಮ ಮೊದಲ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದಿಲ್ಲ.

ಎರಡನೆಯ ದಿನ: ಲೊಟ್ಲಿ

ಮಡಗಾಂವಿನಿಂದ ಲೊಟ್ಲಿಗೆ ಸುಮಾರು 10 ಕಿಲೋಮೀಟರ್. ಖಾಸಗಿ ಸಣ್ಣ ಬಸ್ಸು ರಾಯ್ ಗ್ರಾಮದ ಮೇಲೆ ಹಾದು ಗದ್ದೆಗಳ ನಡುವೆ ಹೋಗುತ್ತದೆ. ಕಂಡಕ್ಟರ್ ಹುಡುಗ ಬಾಗಿಲಲ್ಲಿ ಒಂದು ಕಾಲು ಹೊರಗೆ ಚಾಚಿ ನಿಂತೇ ಎಲ್ಲರ ಕುಶಲ ವಿಚಾರಿಸುತ್ತಿದ್ದ. ಮೀನಿನ ಬುಟ್ಟಿ ಹಿಡಿದ ಹೆಂಗಸಿಗೆ ಡ್ರೈವರನ ಬೆನ್ನ ಹಿಂದಿನ ಜಾಗ ಕಾಯಂ ಎಂಬುದು ಅವಳು ಹತ್ತಿದ ರೀತಿಯಲ್ಲಿಯೇ ಗೊತ್ತಾಯಿತು. ಬಸ್ಸಿನೊಳಗಿನ ಈ ಹಕ್ಕುಬಾಧ್ಯತೆಗಳು ಮಾರಿಯೊ ಅವರಿಗೆ ಬಹಳ ಪ್ರಿಯವಾದ ವಸ್ತು. ಗೋವೆಯ ಬಸ್ಸನ್ನು ಅವರು ಬರೆದಾಗ ಗಾಡಿಗಿಂತ ಮನುಷ್ಯರೇ ಹೆಚ್ಚಿರುತ್ತಾರೆ, ಕಿಟಕಿ ಕಿಟಕಿಯಿಂದ ಮೂಗು, ಮೊಣಕೈ, ಕೋಳಿ ಹೊರಗೆ ಇಣುಕುತ್ತವೆ. ಆದರೂ ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ ಎಂದು ಗಮನಿಸಿದರೆ ಊರಿನ ಮೇಲುಕೀಳುಗಳ ಪಟ್ಟಿಯೇ ಕಣ್ಣ ಮುಂದೆ ಬರುತ್ತದೆ.

ಊರಿನ ನಡುವೆ ಬಿಳಿಯ ಚರ್ಚು, ಅದರ ಮುಂದೆ ವಿಶಾಲವಾದ ಬಯಲು. ಲೋಕರಕ್ಷಕ ಯೇಸುವಿನ ಹೆಸರಿನ ಈ ಚರ್ಚಿನ ಸುತ್ತ ಹಬ್ಬಿದ ದಾರಿಗಳಲ್ಲಿ ಸಾಷ್ಟಿಯ ಹಳೆಯ ದೊಡ್ಡ ಮನೆಗಳಿವೆ. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಲ್ಕಾಂವ್. ಮನೆಯ ಮುಂಬಾಗಿಲಿನ ಎದುರು, ನಾಲ್ಕೈದು ಮೆಟ್ಟಿಲು ಹತ್ತಿದರೆ ಸಿಗುವ, ಮೇಲೆ ಹೆಂಚಿನ ಮಾಡು ಹೊತ್ತ ಪುಟ್ಟ ಜಗಲಿ ಅದು. ಎರಡೂ ಬದಿಗೆ ಗಾರೆಯ ಕಟ್ಟೆಗಳು, ಎದುರುಬದುರಾಗಿ ಕುಳಿತರೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತದೆ, ಇಬ್ಬರಿಗೂ ಬೀದಿ ಕಾಣುತ್ತದೆ. ಗೋವೆಯ ಬಹಳಷ್ಟು ಮನೆಗಳಲ್ಲಿ ಮೊದಲು ಕಿಟಕಿಗಳಿಗೆ ಗಾಜಿನ ಬದಲು ಚಪ್ಪಟೆ ಚಿಪ್ಪುಗಳನ್ನು ತೆಳ್ಳಗೆ ಮಾಡಿ ಮರದ ಚೌಕಟ್ಟಿನಲ್ಲಿ ಕೂಡಿಸುತ್ತಿದ್ದರು. ಅವು ಬೆಳಕನ್ನು ಒಳಗೆ ಬಿಡುತ್ತವೆ, ನೋಟವನ್ನು ಬಿಡುವುದಿಲ್ಲ. ಒಳಗಿನ ಬದುಕು ಇಷ್ಟು ಮುಚ್ಚಿಕೊಂಡಿದ್ದರೂ ಮುಂಬಾಗಿಲ ಬಲ್ಕಾಂವ್ ಮಾತ್ರ ಬೀದಿಗೆ ಪೂರಾ ತೆರೆದುಕೊಂಡಿರುತ್ತದೆ. ಸಂಜೆಯ ಹೊತ್ತು ಊರಿನ ಮದುವೆ, ಸಾಲ, ಜಗಳ, ಪಾದ್ರಿಗಳ ಪ್ರವಚನ, ಯಾರ ಮಗಳು ಯಾರ ಜೊತೆ ಮಾತಾಡಿದಳು ಎಂಬುದು, ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ನೋಡುತ್ತ ಕುಳಿತವರನ್ನೂ ಯಾರೋ ನೋಡುತ್ತಿರುತ್ತಾರೆ. ಮಾರಿಯೊ ಅವರ ಹಾಸ್ಯ ಕುಳಿತ ಜಾಗ ಇದೇ ಎಂದು ನನಗೆ ಅನ್ನಿಸಿತು.

ಮಿರಾಂಡ ಮನೆ ಖಾಸಗಿ ಆಸ್ತಿ. ಅದನ್ನು ಹೊರಗಿನಿಂದ ನೋಡಿ ಸಂತೋಷಪಟ್ಟೆವು. ಶ್ಯಾಮ್ ಬೆನೆಗಲ್ ಅವರ ‘ತ್ರಿಕಾಲ್’ ಚಿತ್ರ ನೋಡಿದವರಿಗೆ ಇದರ ಒಳಗಿನ ಹಜಾರಗಳು ಪರಿಚಿತ. 1985ರ ಆ ಸಿನಿಮಾದ ಕಥೆ ಪೋರ್ಚುಗೀಸ್ ಆಳ್ವಿಕೆಯ ಕೊನೆಯ ದಿನಗಳ ಒಂದು ಜಮೀನ್ದಾರಿ ಕುಟುಂಬದ್ದು, ಅದರ ಚಿತ್ರೀಕರಣ ನಡೆದದ್ದು ಈ ಮನೆಯಲ್ಲಿಯೇ. ಗೇಟಿನ ಬಳಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಸಿನಿಮಾ ಅಲ್ಲ, ಗೋಡೆಯ ಮೇಲೆ ಇದ್ದಿಲಿನಿಂದ ಗೀಚುವ ಒಬ್ಬ ಹುಡುಗ.

ಮಧ್ಯಾಹ್ನ, ಒಂದು ಮನೆಯ ಬಲ್ಕಾಂವ್ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನಮ್ಮನ್ನು ಕರೆದು ಕೂರಿಸಿ ನೀರು ಕೊಟ್ಟರು. ನನ್ನ ತಾಯಿ ಕಾರವಾರದವರಾದ್ದರಿಂದ ಕೊಂಕಣಿ ನನಗೆ ಬರುತ್ತದೆ. ನಮ್ಮ ಕಡೆಯ ಕೊಂಕಣಿಗೂ ಅವರ ಕೊಂಕಣಿಗೂ ನಡುವಿನ ವ್ಯತ್ಯಾಸವನ್ನು ಇಬ್ಬರೂ ತಲೆದೂಗುತ್ತ ನಿಭಾಯಿಸಿದೆವು. ಮಾರಿಯೊ ಬಾಬ್ ಅವರ ಚಿತ್ರವೊಂದರಲ್ಲಿ ತಮ್ಮ ಸೋದರಮಾವ ಇದ್ದಾರೆ ಎಂದು ಅವರು ಬಹಳ ಹೆಮ್ಮೆಯಿಂದ ಹೇಳಿದರು. ಹೆಸರು ಬರೆದಿದೆಯೇ ಎಂದು ಕೇಳಿದೆ.

“ಹೆಸರು ಯಾಕೆ? ಮೂಗು ಇದೆಯಲ್ಲ ಬಾಬಾ. ಆ ಮೂಗು ನಮ್ಮ ಮನೆಯಲ್ಲಿ ಬಿಟ್ಟರೆ ಊರಲ್ಲಿ ಬೇರೆಲ್ಲೂ ಇಲ್ಲ.”

ಮಾವನಿಗೆ ಬೇಜಾರಾಗಲಿಲ್ಲವೇ ಎಂದದ್ದಕ್ಕೆ ಅವರು, ಮಾವ ಆ ಚಿತ್ರವನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದರೆಂದೂ, ಬೇಜಾರಾದದ್ದು ಚಿತ್ರದಲ್ಲಿ ಇಲ್ಲದ ಅವರ ತಮ್ಮನಿಗೆಂದೂ ಹೇಳಿದರು. ಈ ಮಾತು ನನಗೆ ಈ ಪ್ರವಾಸದಲ್ಲಿ ಸಿಕ್ಕ ದೊಡ್ಡ ಕಾಣಿಕೆ. ವ್ಯಂಗ್ಯಚಿತ್ರಕ್ಕೆ ಗುರಿಯಾದವನು ನೊಂದುಕೊಳ್ಳಬೇಕು ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಗುರಿಯಾಗದವನು ನೊಂದುಕೊಂಡಿದ್ದ. ಊರಿನ ಎಲ್ಲರನ್ನೂ ಗಮನಿಸುವ ಒಬ್ಬನ ಕಣ್ಣಿಗೆ ತಾನು ಬೀಳಲಿಲ್ಲ ಎಂಬುದು ಅವನ ನೋವು.

ನಾವು ಮಾತಾಡುತ್ತಿರುವಾಗಲೇ ಪಾಂವ್ ಮಾರುವ ಪೊದೇರ್ ಸೈಕಲ್ಲಿನ ಹಾರ್ನು ಒತ್ತುತ್ತ ಬಂದ. ಹಿಂದೆ ಬುಟ್ಟಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ. ಅವನು ನಿಲ್ಲಿಸಿದ ಮನೆಗಳಿಗಿಂತ ನಿಲ್ಲಿಸದೆ ಹೋದ ಮನೆಗಳೇ ಜಾಸ್ತಿ. ಬೀಗ ಬಿದ್ದ ಆ ಮನೆಗಳವರು ಮುಂಬೈ, ಕೊಲ್ಲಿ ದೇಶಗಳು, ಲಂಡನ್, ಲಿಸ್ಬನ್ ಸೇರಿದ್ದಾರೆ. ಪೋರ್ಚುಗೀಸ್ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗೀಸ್ ಪೌರತ್ವ ಪಡೆಯಲು ಅವಕಾಶವಿರುವುದರಿಂದ ಹೋಗುವ ದಾರಿ ಸುಲಭ. ಮೂರು ಮನೆ ದಾಟಿ ನಾಲ್ಕನೆಯದರ ಮುಂದೆ ಸೈಕಲ್ ನಿಲ್ಲಿಸಿದ ಪೊದೇರ್ ಒಂದು ಕಾಲನ್ನು ಕಟ್ಟೆಗೆ ಊರಿ ಬ್ರೆಡ್ ಎಣಿಸುತ್ತಿದ್ದಾಗ, ಎರಡು ನಾಯಿಗಳು ಅವನ ಚಕ್ರದ ಸುತ್ತ ಸುಳಿಯುತ್ತಿದ್ದವು. ಮಾಸ್ತರರು ಪುಸ್ತಕ ತೆಗೆದು ಬರೆಯತೊಡಗಿದರು.

ಹಿಂದಿರುಗುವ ಬಸ್ಸಿನಲ್ಲಿ ನಾನು ಮನಸ್ಸಿನಲ್ಲಿದ್ದ ಒಂದು ತಕರಾರನ್ನು ಅವರ ಮುಂದಿಟ್ಟೆ. ಮಾರಿಯೊ ಹುಟ್ಟಿದ್ದು ಭಾಟಕಾರರ ಮನೆಯಲ್ಲಿ, ಅಂದರೆ ಜಮೀನು ಉಳ್ಳವರ ಮನೆಯಲ್ಲಿ. ಆ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡು ತೋಟ ಕಾಯುತ್ತಿದ್ದ ಮುಂಡಕಾರರಿಗೆ ಒಕ್ಕಲೆಬ್ಬಿಸುವಿಕೆಯಿಂದ ಕಾನೂನಿನ ರಕ್ಷಣೆ ಸಿಕ್ಕಿದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಧಣಿಯ ಕೋಪ ಒಂದು ಕುಟುಂಬದ ಸೂರನ್ನೇ ಕಿತ್ತುಕೊಳ್ಳಬಹುದಿತ್ತು. ಮಾರಿಯೊ ಚಿತ್ರಗಳ ಭಾಟಕಾರ ಮಾತ್ರ ಹೊಟ್ಟೆ ಬಿಟ್ಟುಕೊಂಡು ಆರಾಮ ಕುರ್ಚಿಯಲ್ಲಿ ತೂಕಡಿಸುವ ಮುದ್ದಾದ ಮನುಷ್ಯ. ಅವನನ್ನು ನೋಡಿ ನಗು ಬರುತ್ತದೆ, ಸಿಟ್ಟು ಬರುವುದಿಲ್ಲ.

“ಸಿಟ್ಟು ಬರಬೇಕು ಅಂತೀಯೇನು?”

“ಒಂದೀಟು ಬರಬೇಕಾಗಿತ್ತು, ಸರ್.”

ಮಾಸ್ತರರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ನನ್ನ ತಕರಾರು ಈಗಲೂ ಹಾಗೆಯೇ ಇದೆ. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು: ತನ್ನ ವರ್ಗದವರನ್ನೇ, ತನ್ನ ಬಂಧುಬಳಗವನ್ನೇ ಮೊದಲು ನಗೆಗೀಡು ಮಾಡುವುದು ಎಲ್ಲ ಕಾಲದಲ್ಲೂ ಕಷ್ಟದ ಕೆಲಸ. ಹೊರಗಿನವರನ್ನು ಗೇಲಿ ಮಾಡಿ ಹೆಸರು ಗಳಿಸಿದವರ ನಡುವೆ ಈ ಮನುಷ್ಯ ಊಟದ ಮೇಜಿನ ಸುತ್ತ ಕುಳಿತವರಿಂದಲೇ ಆರಂಭಿಸಿದರು.

ಮೂರನೆಯ ದಿನ: ಪಣಜಿಯ ಗೋಡೆಗಳು

ಕದಂಬ ಬಸ್ಸು ಮಡಗಾಂವಿನಿಂದ ಪಣಜಿಗೆ ಜುವಾರಿಯ ಹೊಸ ಸೇತುವೆಯ ಮೇಲೆ ಹೋಯಿತು. ಪಣಜಿಯಲ್ಲಿ ನಮಗೆ ನೋಡಬೇಕಾದ ಎರಡು ಜಾಗಗಳಿದ್ದವು. ಒಂದು ನಗರಸಭೆಯ ಮಾರುಕಟ್ಟೆ, ಇನ್ನೊಂದು ಕಲಾ ಅಕಾಡೆಮಿ.

ಮಾರುಕಟ್ಟೆಯ ಗೋಡೆಗಳ ಮೇಲೆ ಮಾರಿಯೊ ಚಿತ್ರಗಳು ದೊಡ್ಡದಾಗಿ ಇವೆ. ಗ್ಯಾಲರಿಯಲ್ಲಿ ಚಿತ್ರದ ಮುಂದೆ ನಿಲ್ಲುವವರು ಸುಮ್ಮನಿರುತ್ತಾರೆ. ಇಲ್ಲಿ ಚಿತ್ರದ ಕೆಳಗೆ ತರಕಾರಿಯ ಗಾಡಿ ನಿಂತಿರುತ್ತದೆ, ಚಿತ್ರದ ಪಕ್ಕ ಚೀಲ ಒರಗಿಸಿಟ್ಟಿರುತ್ತಾರೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಮೊದಲು ನನಗೆ ಇದು ಸರಿ ಕಾಣಲಿಲ್ಲ. ಒಳಗೆ ಒಂದು ಸುತ್ತು ಹಾಕಿ ಬಂದ ಮೇಲೆ ಅನ್ನಿಸಿದ್ದೇ ಬೇರೆ. ಮೆಣಸಿನಕಾಯಿ, ಕೋಕಂ, ಮಾಲೆ ಮಾಲೆಯಾಗಿ ಹೆಣೆದ ಚೊರಿಸ್ ಎಂಬ ಮಾಂಸದ ಕಡುಬು, ಬಾಳೆಗೊನೆ, ಪಕ್ಕದಲ್ಲಿ ಮೀನಿನ ಕಟ್ಟಡ. ಪ್ರತಿ ಅಂಗಡಿಯೂ ಒಂದು ಬಲ್ಕಾಂವ್‌ನಂತೆ ಎದುರಿನ ಅಂಗಡಿಯನ್ನು ನೋಡುತ್ತಿರುತ್ತದೆ. ಕೊಳ್ಳುವವರಿಲ್ಲದ ಹೊತ್ತಿನಲ್ಲಿ ಹೆಂಗಸರು ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಾರೆ. ಮೀನು ಮಾರುವ ಒಬ್ಬಾಕೆ ಇಸ್ವಣದ ತುಂಡಿನ ಮೇಲೆ ನೀರು ಚಿಮುಕಿಸುತ್ತಲೇ ಗಿರಾಕಿಯ ಕಣ್ಣು ಎತ್ತ ಹೊರಳುತ್ತದೆ ಎಂಬುದನ್ನು ಓರೆನೋಟದಲ್ಲಿ ಅಳೆಯುತ್ತಿದ್ದಳು. ಗಿರಾಕಿ ಪಕ್ಕದ ಬುಟ್ಟಿಯತ್ತ ಬಗ್ಗಿದ ಕ್ಷಣವೇ ಇವಳ ಬೆಲೆ ಇಳಿಯಿತು, ಪಕ್ಕದವಳ ಹುಬ್ಬು ಮೇಲೇರಿತು.

ಹೊರಗೆ ಬಂದು ಗೋಡೆಯನ್ನು ಮತ್ತೆ ನೋಡಿದೆವು. ಮಾರಿಯೊ ಗೆರೆಯ ಹೆಂಗಸರು ಅಗಲವಾದ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಗಂಡಸರ ಕಣ್ಣುಗುಡ್ಡೆಗಳು ಉಬ್ಬಿ ಹೊರಬಂದಿರುತ್ತವೆ, ಗದ್ದ ಇರುವುದೇ ಇಲ್ಲ. ಉಡುಪಿನ ಚೌಕಳಿ, ನೆಲದ ಹಾಸುಗಲ್ಲು, ಮಾಡಿನ ಹೆಂಚು, ಕಿಟಕಿಯ ಸರಳು ಎಲ್ಲಕ್ಕೂ ಬೇರೆ ಬೇರೆ ಗೆರೆಗಳ ನೇಯ್ಗೆ ಇರುತ್ತದೆ. ಇಡೀ ಹಾಳೆ ತುಂಬಿ ತುಳುಕುವಂತಿದ್ದರೂ ಒಂದು ಮುಖ ಇನ್ನೊಂದರಲ್ಲಿ ಕಲೆತುಹೋಗುವುದಿಲ್ಲ. ಮಾಸ್ತರರು ಬೆರಳಿಟ್ಟು ತೋರಿಸುತ್ತ ಹೋದರು.

“ಇಂವ ಗುಂಪು ಅಂತ ಬರದಽ ಇಲ್ಲ ನೋಡು. ನಾನು ಜಾತ್ರಿ ಬರದ್ರ ಮುಂದಿನ ನಾಕು ಮಂದಿ ಸರಿಯಾಗಿ ಬರದು ಹಿಂದ ಬರೇ ತಲಿ ಇಡ್ತೀನಿ, ಎಲ್ಲಾರೂ ಹಂಗಽ ಮಾಡ್ತಾರ. ಇಂವನ ಕಡೀ ಸಾಲಿನ್ಯಾಗ ನಿಂತಾವಗೂ ಒಂದು ಕೆಲಸ ಐತಿ. ನಾಯಿಗೂ ಐತಿ.”

ಇದೇ ಮಾತನ್ನು ನಾನು ನನ್ನ ರೀತಿಯಲ್ಲಿ ಹೇಳುವುದಾದರೆ, ಮಾರಿಯೊ ಅವರ ಸಾಮಾಜಿಕ ಟೀಕೆ ಇರುವುದು ಚಿತ್ರದ ಅಡಿಬರಹದಲ್ಲಿ ಅಲ್ಲ, ಯಾರನ್ನೂ ಹಿನ್ನೆಲೆಯಾಗಿಸದ ಆ ಹಟದಲ್ಲಿ. ಮಂತ್ರಿ ಭಾಷಣ ಮಾಡುತ್ತಿದ್ದರೆ ಅವನ ಹಿಂದೆ ಆಕಳಿಸುವವನೂ, ಮೂಗು ತುರಿಸಿಕೊಳ್ಳುವವನೂ, ಪಕ್ಕದವಳನ್ನು ನೋಡುತ್ತಿರುವವನೂ ಅಷ್ಟೇ ಶ್ರದ್ಧೆಯಿಂದ ಬರೆಯಲ್ಪಟ್ಟಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿರುವಾಗ ಮಂತ್ರಿಯ ಮಹತ್ವ ತಾನಾಗಿ ಕರಗುತ್ತದೆ. ಅವನನ್ನು ಕುರೂಪಿಯಾಗಿಸುವ ಅಗತ್ಯವೇ ಬೀಳುವುದಿಲ್ಲ. ಮುಂಬೈಯ ಕೊಲಾಬಾದಲ್ಲಿ ಕೆಫೆ ಮೊಂಡೆಗಾರ್‌ನ ಗೋಡೆಗಳ ಮೇಲೂ ಅವರು ಇದನ್ನೇ ಮಾಡಿದರು. ಅಲ್ಲಿ ಒಂದು ಗೋಡೆಯಲ್ಲಿ ಮುಂಬೈಯ ಬದುಕು ಇದ್ದರೆ ಎದುರಿನ ಗೋಡೆಯಲ್ಲಿ ಆ ಕೆಫೆಯ ಗಿರಾಕಿಗಳೇ ಇದ್ದಾರೆ. ಬಿಯರ್ ಕುಡಿಯುತ್ತ ತಲೆಯೆತ್ತಿದವರಿಗೆ ತಮ್ಮಂಥವರೇ ಕಾಣುತ್ತಾರೆ.

ಸಂಜೆ ಕಾಂಪಾಲಿನ ಕಲಾ ಅಕಾಡೆಮಿಗೆ ಹೋದೆವು. ಮಾಂಡೋವಿ ನದಿಯ ದಡದ ಈ ಕಟ್ಟಡವನ್ನು ವಿನ್ಯಾಸ ಮಾಡಿದವರು ಚಾರ್ಲ್ಸ್ ಕೊರಿಯಾ; ಇದು 1983ರಲ್ಲಿ ತೆರೆಯಿತು. ಬೀದಿಯಿಂದ ನದಿಯವರೆಗೆ ಎಲ್ಲಿಯೂ ತಡೆಯಿಲ್ಲದೆ ನಡೆದು ಹೋಗಬಹುದಾದ ಕಟ್ಟಡ ಇದು, ಮತ್ತು ಗೋವೆಯವರು ಇದನ್ನು ಹಾಗೆಯೇ ಬಳಸುತ್ತಾರೆ. ದೀನಾನಾಥ ಮಂಗೇಶ್ಕರ್ ಅವರ ಹೆಸರಿನ ಇದರ ರಂಗಮಂದಿರದ ಒಳಗೋಡೆಗಳಿಗೆ ಕೊರಿಯಾ ಮಾರಿಯೊ ಅವರಿಂದ ಚಿತ್ರ ಬರೆಸಿದರು. ಹಳೆಯ ಕಾಲದ ಗೋವೆಯ ನಾಟಕಶಾಲೆಯೊಂದರ ಬಾಲ್ಕನಿಗಳು ಗೋಡೆಯುದ್ದಕ್ಕೂ ಇವೆ ಎಂಬ ಭ್ರಮೆ ಹುಟ್ಟಿಸುವ ಚಿತ್ರ ಅದು. ಆ ಬಾಲ್ಕನಿಗಳಲ್ಲಿ ಪ್ರೇಕ್ಷಕರು ಕುಳಿತಿದ್ದಾರೆ. ನಾವು ರಂಗವನ್ನು ನೋಡಲು ಬಂದವರು; ಗೋಡೆಯ ಮೇಲಿನವರು ನಮಗಿಂತ ಮೊದಲೇ ಬಂದು ಜಾಗ ಹಿಡಿದಿದ್ದಾರೆ.

ಆ ಸಂಜೆ ಅಲ್ಲಿ ಒಂದು ತಿಯಾತ್ರ್ ಇತ್ತು. ಕೊಂಕಣಿಯ ಈ ಜನಪ್ರಿಯ ರಂಗಪ್ರಕಾರ ಹುಟ್ಟಿದ್ದು 1892ರಲ್ಲಿ, ಮುಂಬೈಯಲ್ಲಿ, ಅಲ್ಲಿಗೆ ದುಡಿಯಲು ಹೋದ ಗೋವೆಯವರ ನಡುವೆ. ಕಥೆಯ ಒಂದೊಂದು ಭಾಗ ಮುಗಿದಾಗಲೂ ಪರದೆ ಬೀಳುತ್ತದೆ, ವಾದ್ಯದವರು ಟ್ರಂಪೆಟ್ ಊದುತ್ತಾರೆ, ಕಥೆಗೆ ಸಂಬಂಧವೇ ಇಲ್ಲದ ಹಾಡುಗಾರರು ಪರದೆಯ ಮುಂದೆ ಬಂದು ಮಂತ್ರಿಗಳನ್ನು, ರಸ್ತೆ ಅಗೆಯುವ ಗುತ್ತಿಗೆದಾರರನ್ನು, ಭೂಮಿ ಮಾರಿಕೊಂಡ ಅಣ್ಣತಮ್ಮಂದಿರನ್ನು ಹೆಸರು ಹಿಡಿಯದೆಯೇ ಹಿಗ್ಗಾಮುಗ್ಗಾ ಹಾಡಿನಲ್ಲಿ ಜಾಡಿಸುತ್ತಾರೆ. ಜನ ಅದಕ್ಕಾಗಿಯೇ ಕಾದಿರುತ್ತಾರೆ. ಪ್ರತಿ ಸಾಲಿಗೂ ಹರ್ಷೋದ್ಗಾರ, ಒನ್ಸ್ ಮೋರ್. ನನ್ನ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನಗುನಗುತ್ತ ಕಣ್ಣೊರೆಸಿಕೊಂಡು, ಪಕ್ಕದ ಮೊಮ್ಮಗಳಿಗೆ ಯಾರ ಬಗ್ಗೆ ಹಾಡುತ್ತಿದ್ದಾರೆಂದು ಕಿವಿಯಲ್ಲಿ ವಿವರಿಸುತ್ತಿದ್ದರು.

ಅಲ್ಲಿ ಕುಳಿತಾಗ ನನಗೆ ಮಾರಿಯೊ ಒಂಟಿ ಪ್ರತಿಭೆಯಲ್ಲ ಎಂಬುದು ಖಚಿತವಾಯಿತು. ತಮ್ಮ ಊರನ್ನೇ ತಾವು ಹಂಗಿಸಿಕೊಂಡು ನಗುವ ಅಭ್ಯಾಸ ಈ ಜನಕ್ಕೆ ಬಹಳ ಹಿಂದಿನಿಂದ ಇದೆ. ತಿಯಾತ್ರ್‌ನ ಹಾಡುಗಾರ ಬಾಯಿಬಿಟ್ಟು ಹೇಳುವುದನ್ನು ಮಾರಿಯೊ ಮುಖಗಳ ಜೋಡಣೆಯಿಂದ ಹೇಳಿದರು; ಹಾಡಿನ ಕಟುತ್ವ ಅವರಲ್ಲಿಲ್ಲ, ನಿಜ. ಮಡಗಾಂವಿನ ಬಸ್ಸಿನಲ್ಲಿ ನಾನು ಎತ್ತಿದ ತಕರಾರಿಗೆ ತಿಯಾತ್ರ್ ಒಂದು ಉತ್ತರ ಎಂದುಕೊಂಡೆ. ಊರಿನ ಸಿಟ್ಟು ಹಾಡಿನಲ್ಲಿತ್ತು. ಆ ಸಿಟ್ಟನ್ನು ಕೇಳಲು ಬಂದವರು ಮಾರಿಯೊ ಗೋಡೆಯ ಮೇಲೆ ಇದ್ದರು.

ನಾಲ್ಕನೆಯ ದಿನ: ತೊರ್ಡಾ

ಮಾಂಡೋವಿ ದಾಟಿ ಪೊರ್ವರಿಯ ಬಳಿ ತೊರ್ಡಾ ಎಂಬ ಜಾಗಕ್ಕೆ ರಿಕ್ಷಾ ಹಿಡಿದು ಹೋದೆವು. ಅಲ್ಲಿ ರಸ್ತೆಗಳು ಕೂಡುವ ತ್ರಿಕೋನಾಕಾರದ ಸಣ್ಣ ತುಂಡು ನೆಲದ ಮೇಲೆ, ಹಡಗಿನ ಮೂತಿಯಂತೆ ಚೂಪಾದ ಒಂದು ಕಟ್ಟಡವಿದೆ. ಗೋವೆಯ ಮನೆಗಳ ವಸ್ತುಸಂಗ್ರಹಾಲಯ ಅದು. ಕಟ್ಟಿಸಿದವರು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ. ಬಾಗಿಲು, ಕಿಟಕಿ, ಹೆಂಚು, ಚಿಪ್ಪಿನ ಪಟ್ಟಿ, ಬಲ್ಕಾಂವ್‌ಗಳ ನಕ್ಷೆ ಎಲ್ಲವೂ ಅಲ್ಲಿವೆ. ಲೊಟ್ಲಿಯಲ್ಲಿ ಹೊರಗಿನಿಂದ ನೋಡಿದ್ದರ ಒಳಗುಟ್ಟು ಇಲ್ಲಿ ತಿಳಿಯುತ್ತದೆ. ಅಲ್ಲಿಯೇ ಮಾರಿಯೊ ಗ್ಯಾಲರಿಯೂ ಇದೆ. ಡ ಕುನ್ಹಾ ಅವರು ಮಾರಿಯೊ ಚಿತ್ರಗಳನ್ನು ಹುಡುಕಿ, ಕಲೆಹಾಕಿ, ಪುಸ್ತಕಗಳಾಗಿ ಹೊರತಂದವರು. ಪತ್ರಿಕೆಗೆ ಬರೆದ ಚಿತ್ರ ಮರುದಿನ ರದ್ದಿಯಾಗುವ ನಾಡಿನಲ್ಲಿ ಈ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ದಶಕಗಟ್ಟಲೆ ಬರೆದ ವ್ಯಂಗ್ಯಚಿತ್ರಕಾರರ ಮೂಲ ಹಾಳೆಗಳು ಎಲ್ಲೆಲ್ಲಿ ಕಳೆದುಹೋಗಿವೆಯೋ ಎಂಬ ಯೋಚನೆ ಅಲ್ಲಿದ್ದಷ್ಟು ಹೊತ್ತೂ ನನ್ನನ್ನು ಕಾಡಿತು.

ನಾವು ಬಹಳ ಹೊತ್ತು ಕಳೆದದ್ದು ದಿನಚರಿಗಳ ಮುಂದೆ. ಇಪ್ಪತ್ತರ ಹರೆಯದಲ್ಲಿ ಮಾರಿಯೊ ದಿನವೂ ಡೈರಿ ಬರೆಯುತ್ತಿದ್ದರು. ಮಾತು ಕಡಿಮೆ, ಚಿತ್ರ ಹೆಚ್ಚು. 1949, 1950, 1951ರ ಆ ಡೈರಿಗಳು ಈಗ ಅಚ್ಚಾಗಿವೆ. ಮದುವೆ, ಶವಸಂಸ್ಕಾರ, ಪೂಜೆಯ ನಡುವೆ ತೂಕಡಿಸುವವರು, ಕುಡಿದು ಮನೆಗೆ ಮರಳುವವರು, ಬೇಡದ ಹೊತ್ತಿಗೆ ಬಂದು ಏಳದೆ ಕೂರುವ ನೆಂಟರು, ಕುಣಿತದಲ್ಲಿ ಜೊತೆ ಸಿಗದ ಹುಡುಗರು. ಸರ್ವಾಧಿಕಾರಿ ಸಾಲಾಜಾರನ ಪೋರ್ಚುಗಲ್ ಗೋವೆಯನ್ನು ಆಳುತ್ತಿದ್ದ ವರ್ಷಗಳು ಅವು. ಪತ್ರಿಕೆಗಳಲ್ಲಿ ಬಾಯಿಬಿಡುವ ಸ್ವಾತಂತ್ರ್ಯ ಇರಲಿಲ್ಲ. ಯಾರಿಗೂ ತೋರಿಸಲೆಂದು ಬರೆಯದ ಈ ಹಾಳೆಗಳಲ್ಲಿ ಆ ಕಾಲದ ಒಂದು ಹಳ್ಳಿಯ ಏನೂ ನಡೆಯದ ದಿನಗಳೂ ದಾಖಲಾಗಿವೆ. ಇತಿಹಾಸ ಓದಿದವರು ಬರೆದ ಇತಿಹಾಸವೇ ಇದು ಎಂದರೆ ತಪ್ಪಾಗಲಾರದು.

ಗೆರೆಯನ್ನು ಹತ್ತಿರದಿಂದ ನೋಡಿದೆ. ಆ ವಯಸ್ಸಿನಲ್ಲಿ ಗೆರೆಗೆ ಅವಸರವಿದೆ. ಒಂದು ಮೈಯನ್ನು ನಾಲ್ಕೈದು ಗೆರೆಯಲ್ಲಿ ಮುಗಿಸಿ, ಮುಖಕ್ಕೆ ಬಂದಾಗ ಮಾತ್ರ ಪೆನ್ನು ನಿಧಾನವಾಗುತ್ತದೆ. ಅಂಗಿಯ ಚೌಕಳಿ ಅರ್ಧಕ್ಕೇ ನಿಂತಿರುತ್ತದೆ. ಹಿಂದಿನ ಗೋಡೆಗೆ ಗೆರೆಯೇ ಇಲ್ಲ. ಪಕ್ಕದ ಗೋಡೆಯಲ್ಲಿ ತೂಗುಹಾಕಿದ ನಂತರದ ವರ್ಷಗಳ ಚಿತ್ರಗಳಲ್ಲಿ ಇಂಚಿಂಚೂ ತುಂಬಿದೆ, ಹೆಂಚು ಹೆಂಚಿಗೂ ನೆರಳಿದೆ, ಬಣ್ಣ ಬಂದಿದೆ, ಗೆರೆಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆಂಬುದು ಮೊದಲೇ ಗೊತ್ತಿದೆ. ನನಗೆ ಡೈರಿಯ ಹುಡುಗನೇ ಹೆಚ್ಚು ಇಷ್ಟವಾದ. ನಂತರದ ಚಿತ್ರಗಳಲ್ಲಿ ಊರು ಸ್ವಲ್ಪ ಅಲಂಕಾರವಾಗಿಬಿಟ್ಟಿದೆ. ಗೋವೆಗೆ ಬಂದವರು ಮನೆಗೆ ಒಯ್ಯಬಹುದಾದ ಗೋವೆ ಅದು. ಕಪ್ಪು, ಟೀ ಶರ್ಟು, ಹೆಂಚಿನ ಮೇಲೆ ಅಚ್ಚಾಗಲು ಅದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಡೈರಿಯ ಊರು ಹಾಗೆ ಯಾವುದರ ಮೇಲೂ ಕೂರುವುದಿಲ್ಲ.

ಮಾಸ್ತರರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಡೈರಿ ಬರೆದ ಹುಡುಗನಿಗೆ ಪರಿಚಿತರು ಮಾತ್ರ ಕಾಣುತ್ತಿದ್ದರು. ಮುಂಬೈ, ಲಿಸ್ಬನ್, ಲಂಡನ್ ನೋಡಿ ಬಂದ ಮೇಲೆಯೇ ಅಪರಿಚಿತರನ್ನೂ ಅ‌ಷ್ಟೇ ಅಕ್ಕರೆಯಿಂದ ಬರೆಯುವುದು ಸಾಧ್ಯವಾಯಿತು. ಪಣಜಿಯ ಗೋಡೆಯ ಕಡೆಯ ಸಾಲಿನಲ್ಲಿ ನಿಂತವನಿಗೂ ಒಂದು ಕೆಲಸ ಕೊಡಲು ಆ ತುಂಬಿದ ಗೆರೆಯೇ ಬೇಕು ಎಂದು ಅವರ ಹಟ. ಗ್ಯಾಲರಿಯ ಹುಡುಗಿ ನಮ್ಮ ವಾದ ಅರ್ಥವಾಗದಿದ್ದರೂ ಯಾವ ಚಿತ್ರದ ಮುಂದೆ ಯಾರು ದನಿ ಏರಿಸುತ್ತಾರೆಂಬುದನ್ನು ಆಸಕ್ತಿಯಿಂದ ನೋಡುತ್ತಿದ್ದಳು.

ಕೊನೆಗೆ ನಾನು 1951ರ ಡೈರಿ ಕೊಂಡೆ, ಮಾಸ್ತರರು ಹಳ್ಳಿಯ ಸಂತೆಯ ಒಂದು ದೊಡ್ಡ ಮುದ್ರಿತ ಚಿತ್ರ ಕೊಂಡರು. ರಿಕ್ಷಾ ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಾಗ ಅವರು ಆ ಚಿತ್ರದಲ್ಲಿರುವವರನ್ನು ಎಣಿಸತೊಡಗಿ, ಅರ್ಧಕ್ಕೆ ಬಿಟ್ಟು, ಲೊಟ್ಲಿಯಲ್ಲಿ ಬರೆದ ಪೊದೇರ್‌ನ ಚಿತ್ರ ತೆಗೆದರು. ಸೈಕಲ್ಲು, ಬುಟ್ಟಿ, ಎರಡು ನಾಯಿ ಎಲ್ಲ ಚೆನ್ನಾಗಿ ಬಂದಿದ್ದವು. ಬೀಗ ಬಿದ್ದ ಮನೆಗಳ ಸಾಲು ಮಾತ್ರ ಹಿಂದೆ ಮಸಕಾಗಿತ್ತು.

“ಮಂಗಳವಾರ ಧಾರವಾಡ ಸಂತಿಗೆ ಬಾ ತಮ್ಮಾ,” ಎಂದರು. “ಮೆಣಸಿನಕಾಯಿ ಸಾಲಿನ್ಯಾಗ ಕೂಡೋರು ಯಾವ ಯಾವ ಊರವರು, ಯಾರ ಪಕ್ಕ ಯಾರು ಕೂಡ್ತಾರ, ಯಾಕ ಕೂಡ್ತಾರ, ಎಲ್ಲಾ ಕೇಳಿ ಬರಕೋ. ನೀ ಬರಕೊಂಡ ಮ್ಯಾಲೆ ನಾ ಚಿತ್ರಾ ತಗೀತೀನಿ.”

ಭಾಟಕಾರರೂ ಇರಬೇಕು, ಅವರ ಜೊತೆ ಜಗಳ ಇದ್ದವರೂ ಇರಬೇಕು ಎಂದೆ. ಯಾರು ಯಾರ ಮ್ಯಾಲೆ ಸಿಟ್ಟಾಗ್ಯಾರ ಅನ್ನೋದನ್ನ ಬ್ಯಾರೆ ಪುಟದಾಗ ಬರಕೋ ಎಂದು ಹೇಳಿ ಅವರು ರಿಕ್ಷಾ ಹತ್ತಿದರು.